ವಾಟ್ಸಾಪ್ ಗುಂಪಿನಲ್ಲಿ 214 ಜನ, ಕಟ್ಟ ಹಾಕಲು ಬಂದವರು ನಾಲ್ಕು. ಮುಂದೆ ಎಂತ ಮಾಡುವುದು?

ತೋಡಿನಕರೆ | ನವೆಂಬರ್ 18, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಮನೆಯ ಕೆಳಗೆ ಒಂದು ತೋಡು (ಹಳ್ಳ) ಉಂಟು. ನಾನು ಸಣ್ಣವನಿರುವಾಗ ನಮ್ಮ ಬೈಲಿನಲ್ಲೇ ಅದಕ್ಕೆ ಬೇಸಗೆಗೆ ನೀರು ನಿಲ್ಲಿಸಲು ಕಲ್ಲು ಮಣ್ಣಿನ ಆರು ಕಟ್ಟ ಹಾಕುತ್ತಿದ್ದರು. ಈಗ ಒಂದೂ ಇಲ್ಲ. ಮಾರ್ಚಿಗೆ ತೋಡು ಒಣಗುತ್ತದೆ, ಏಪ್ರಿಲಿಗೆ ಬಾವಿಯ ತಳ ಕಾಣುತ್ತದೆ, ಅಡಿಕೆ ಮರದ ಮಂಡೆ ಬಾಗುತ್ತದೆ. ಜೂನಿನಲ್ಲಿ ಅದೇ ತೋಡು ಸಂಕ (ಕಾಲುಸೇತುವೆ) ಮುಳುಗುವಷ್ಟು ಹರಿಯುತ್ತದೆ. ಹನ್ನೆರಡು ನದಿಗಳ ಜಿಲ್ಲೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವುದು.

ಈ ವರ್ಷ ಒಂದು ಕಟ್ಟವಾದರೂ ಹಾಕೋಣ ಅಂತ ಅಕ್ಟೋಬರಿನಲ್ಲಿ ಶಾಲೆಯ ಜಗಲಿಯಲ್ಲಿ ಸಭೆ ಕರೆದೆ. ಅರುವತ್ತು ಜನ ಬಂದರು. ಚಹಾ, ಗೋಳಿಬಜೆ, ಭಾಷಣ ಎಲ್ಲ ಆಯಿತು. "ಯಾರೆಲ್ಲ ಬರ್ತೀರಿ?" ಅಂತ ಕೇಳಿದರೆ ಅರುವತ್ತು ಕೈಯೂ ಮೇಲೆ. ವಾಟ್ಸಾಪ್ ಗುಂಪಿಗೆ 214 ಜನ ಸೇರಿದರು. ಮೊನ್ನೆ ಭಾನುವಾರ ಬೆಳಗ್ಗೆ ಏಳಕ್ಕೆ ಕೆಲಸ ಎಂದು ಹೇಳಿದ್ದೆ. ತೋಡಿಗೆ ಇಳಿದವರು ನಾಲ್ಕು: ನಾನು, ತೊಳಿಲುರಪ್ಪು (ಉದ್ಯೋಗ ಖಾತರಿ) ಕೆಲಸಕ್ಕೆ ಹೋಗುವ ಒಬ್ಬರು ಅಕ್ಕ, ರಜೆಯಲ್ಲಿ ದುಬೈಯಿಂದ ಬಂದ ಒಬ್ಬ ಹುಡುಗ, ಮತ್ತೆ ತೋಡಿನ ಕೆಳಬದಿಯ ಇಚ್ಚ (ಮುಸ್ಲಿಂ ಅಣ್ಣನನ್ನು ನಮ್ಮಲ್ಲಿ ಹಾಗೆ ಕರೆಯುವುದು). ಗುಂಪಿನಲ್ಲಿ ಮಾತ್ರ 47 ಹೆಬ್ಬೆರಳು, ಆರು ಕೈಮುಗಿದದ್ದು.

ನಾಲ್ಕು ಜನ ಮಧ್ಯಾಹ್ನದ ತನಕ ಕಲ್ಲು ಹೊತ್ತು, ಮೂರು ಗಜ ಆಗುವಾಗ ಸುಸ್ತಾಗಿ ಬಿಟ್ಟೆವು. ಹೇಳಿ, ಜನರನ್ನು ಸೇರಿಸುವುದು ಹೇಗೆ? ಇನ್ನೊಂದು ಸಭೆ ಕರೆಯಲಾ?

---

ಗೋಳಿಬಜೆ_ಪ್ರಿಯ | ನವೆಂಬರ್ 18, ರಾತ್ರಿ 10.05

ತಪ್ಪು ನಿಮ್ಮದೇ ಮಾರಾಯ್ರೆ. ಗೋಳಿಬಜೆ ಸಭೆಗೆ ಕೊಟ್ಟಿರಿ. ತೋಡಿನ ಹತ್ತಿರ ಕೊಡಬೇಕಿತ್ತು.

---

ಹಳೇಕಟ್ಟ | ನವೆಂಬರ್ 19, ಬೆಳಗ್ಗೆ 6.20

ಇವರು ತಮಾಷೆಗೆ ಹೇಳಿದ್ದರಲ್ಲಿ ಸತ್ಯ ಉಂಟು. ಅದಿರಲಿ.

ನನಗೆ 71. ನಮ್ಮ ಅಜ್ಜನ ಕಾಲದಲ್ಲಿ ಕಟ್ಟಕ್ಕೆ ಯಾರೂ ಸಭೆ ಕರೆದದ್ದಿಲ್ಲ. ತುಲಾ ತಿಂಗಳ ಮಳೆ ನಿಂತು ತೋಡಿನ ರಭಸ ಇಳಿಯಿತೋ, ಮನೆಗೊಂದು ಆಳು ಇಳಿಯುವುದೇ. ಯಾವ ಮನೆಯವರು ಕಲ್ಲು, ಯಾವ ಮನೆಯವರು ಅಂಟುಮಣ್ಣು, ಯಾರು ಅಡಿಕೆ ಮರ ಸೀಳಿ ಸಲಿಕೆ (ಪಟ್ಟಿ) ತರಬೇಕು ಎಂಬುದೆಲ್ಲ ಮೊದಲೇ ಗೊತ್ತಿತ್ತು. ಎರಡು ಸಾಲು ಕಲ್ಲುಗೋಡೆ, ನಡುವೆ ಮಣ್ಣು ತುಂಬಿ ತುಳಿಯುವುದು. ತುಳಿಯುವುದಕ್ಕೆ ಮಕ್ಕಳು. ನಮಗೆ ಅದು ಆಟ.

ಇದು ಯಾಕೆ ನಿಂತಿತು ಎಂದು ನೀವು ಯೋಚಿಸಬೇಕು. ಜನ ಸೋಮಾರಿಗಳಾದದ್ದಲ್ಲ. ಮೊದಲು ಪಂಪು ಬಂತು, ಮತ್ತೆ ಬೋರು ಬಂತು. ಬೋರು ಬಂದ ಮನೆಗೆ ನೆರೆಮನೆಯ ಹಂಗು ಇಲ್ಲ. ಗದ್ದೆ ಹೋಗಿ ರಬ್ಬರು ಬಂತು. ಜಾಗ ಪಾಲಾಗಿ ತೋಡಿನ ಒಂದು ಬದಿಗೆ ನಾಲ್ಕು ಯಜಮಾನರಾದರು. ಕಟ್ಟ ಹಿಡಿದಿಟ್ಟದ್ದು ನೀರನ್ನು ಮಾತ್ರ ಅಲ್ಲ, ಒಬ್ಬರಿಗೆ ಇನ್ನೊಬ್ಬರು ಬೇಕಾಗುತ್ತಿತ್ತಲ್ಲ, ಅದನ್ನೂ. ಆ ಬೇಕಾಗುವಿಕೆ ಹೋದ ಮೇಲೆ ನೀವು 214 ಜನರಿಗೆ ಮೆಸೇಜ್ ಹಾಕಿದರೆ ಎಂತ ಆಗುತ್ತದೆ?

ಇನ್ನೊಂದು ಸಭೆ ಬೇಡ. ಬಂದ ಆ ಮೂವರಲ್ಲಿ ಹೋಗಿ ಕೂತುಕೊಳ್ಳಿ.

---

ಬೆಂಗಳೂರಿನ_ಕುಂಬ್ಳೆಯವ | ನವೆಂಬರ್ 19, ಮಧ್ಯಾಹ್ನ 1.15

ಸ್ವಲ್ಪ ಪುಸ್ತಕದ ಬದನೆಕಾಯಿ ಹೇಳುತ್ತೇನೆ, ಬೈಯಬೇಡಿ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ರೈತರ ನಡುವೆ ಹೇಗೆ ಹರಡಿತು ಎಂದು ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. 259 ರೈತರನ್ನು ಕೇಳಿದ್ದರು. 1928ರಲ್ಲಿ ಬಂದ ಬೀಜವನ್ನು 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಬಿತ್ತುತ್ತಿದ್ದರು. ಆದರೆ ಮೊದಲ ಐದಾರು ವರ್ಷ ಕೈಬೆರಳೆಣಿಕೆಯವರು ಮಾತ್ರ. ಹೆಚ್ಚಿನವರಿಗೆ ಸುದ್ದಿ ಮೊದಲು ತಲುಪಿಸಿದ್ದು ಬೀಜ ಮಾರುವವರು, ಬಿತ್ತುವ ಧೈರ್ಯ ಕೊಟ್ಟದ್ದು ನೆರೆಮನೆಯವನ ಹೊಲ. ಮೊದಲು ಬಿತ್ತಿದವರೂ ಇಡೀ ಹೊಲಕ್ಕೆ ಹಾಕಲಿಲ್ಲ, ಒಂದು ಮೂಲೆಯಲ್ಲಿ ಹಾಕಿ ನೋಡಿದರು.

ನಿಮ್ಮ ವಾಟ್ಸಾಪ್ ಗುಂಪು ಬೀಜ ಮಾರುವವನ ಹಾಗೆ. ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ನಿಮಗೆ ಬೇಕಾದದ್ದು ನೆರೆಮನೆಯವನ ಹೊಲ.

ಇನ್ನೊಂದು. 2018ರಲ್ಲಿ ಡೇಮನ್ ಸೆಂಟೋಲ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು. ಒಂದು ಗುಂಪಿನಲ್ಲಿ ಗಟ್ಟಿಯಾಗಿ ನಿಲ್ಲುವವರು ಸುಮಾರು ಶೇ. 25 ಆದರೆ ಉಳಿದವರ ರೂಢಿ ಬದಲಾಗುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಆಗುವುದಿಲ್ಲ ಎಂದು ಅದರಲ್ಲಿ ಕಂಡಿತು. ನಿಮ್ಮ ಬೈಲಿನಲ್ಲಿ ಇಪ್ಪತ್ತು ಮನೆ ಇದ್ದರೆ ಐದು ಮನೆ ಸಾಕು ಎಂದಾಯಿತು.

---

ಹಳೇಕಟ್ಟ | ನವೆಂಬರ್ 19, ಸಂಜೆ 5.50

ಆ ಪ್ರಯೋಗದಲ್ಲಿ ಜನ ಎಂತ ಮಾಡಬೇಕಿತ್ತು?

---

ಬೆಂಗಳೂರಿನ_ಕುಂಬ್ಳೆಯವ | ನವೆಂಬರ್ 19, ಸಂಜೆ 6.02

ಒಂದು ಮುಖದ ಫೋಟೊ ತೋರಿಸಿ ಅದಕ್ಕೊಂದು ಹೆಸರು ಒಪ್ಪಿಕೊಳ್ಳಬೇಕಿತ್ತು. ಕಂಪ್ಯೂಟರಿನಲ್ಲಿ.

---

ಹಳೇಕಟ್ಟ | ನವೆಂಬರ್ 19, ಸಂಜೆ 6.10

ಹಾಗಾದರೆ ಕಲ್ಲು ಹೊರುವುದಕ್ಕೆ ಆ ಲೆಕ್ಕ ತರಬೇಡಿ. ಜೋಳದ್ದು ಒಪ್ಪಿದೆ.

---

ಟೀಚರಕ್ಕ | ನವೆಂಬರ್ 19, ರಾತ್ರಿ 8.30

ನಾನು ಅಂಗನವಾಡಿಯವಳು, ಕೇರಳದ ಹೆಂಗಸರ ಸಂಘಟನೆ ಕುಡುಂಬಶ್ರೀಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಗಂಡಸರು ಸಂಘಟನೆ ಎಂದರೆ ಮೈಕು, ಬ್ಯಾನರು, ಉದ್ಘಾಟಕರು ಎಂದೇ ಯೋಚಿಸುತ್ತೀರಿ. ಕ್ಷಮಿಸಿ, ಹೇಳಲೇಬೇಕು.

1998ರಲ್ಲಿ ಮಲಪ್ಪುರದಲ್ಲಿ ಕುಡುಂಬಶ್ರೀ ಉದ್ಘಾಟನೆಯಾದಾಗ ಪ್ರಧಾನಿ ವಾಜಪೇಯಿಯವರೇ ಬಂದಿದ್ದರು ನಿಜ. ಆದರೆ ಅದು ನಿಂತದ್ದು ಆ ವೇದಿಕೆಯಿಂದ ಅಲ್ಲ. ಒಂದು ಅಯಲ್‌ಕೂಟದಲ್ಲಿ, ಅಂದರೆ ನೆರೆಕರೆಯ ಗುಂಪಿನಲ್ಲಿ, ಹತ್ತರಿಂದ ಇಪ್ಪತ್ತು ಹೆಂಗಸರು. ಹೆಚ್ಚು ಬೇಡ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು, ಎಷ್ಟು ಸಣ್ಣ ಮೊತ್ತವಾದರೂ ಎಲ್ಲರೂ ತರುವುದು, ಪುಸ್ತಕದಲ್ಲಿ ಬರೆಯುವುದು. ನಮ್ಮಲ್ಲಿ ಶುರುವಿನಲ್ಲಿ ಹತ್ತು ರೂಪಾಯಿ. ಹತ್ತು ರೂಪಾಯಿಯಿಂದ ಎಂತ ಆಗುತ್ತದೆ ಎಂದು ನನ್ನ ಅತ್ತೆ ನಗುತ್ತಿದ್ದರು. ಹಣದಿಂದ ಏನೂ ಆಗಲಿಲ್ಲ, ಪ್ರತಿ ವಾರ ತಂದದ್ದರಿಂದ ಆಯಿತು. ಎರಡು ವಾರ ಒಬ್ಬಳು ಬಾರದಿದ್ದರೆ ನಾವು ಅವಳ ಮನೆಗೆ ಹೋಗುತ್ತಿದ್ದೆವು. ಬೈಯಲಿಕ್ಕೆ ಅಲ್ಲ, ಅವಳ ಮನೆಯಲ್ಲಿ ಏನೋ ಆಗಿದೆ ಎಂದು. ಹೆಚ್ಚಿನ ಸಲ ಆಗಿಯೇ ಇರುತ್ತಿತ್ತು.

214 ಜನರಲ್ಲಿ ಬಾರದವರ ಮನೆಗೆ ನೀವು ಹೋಗಲಿಕ್ಕೆ ಸಾಧ್ಯವಾ? ಇಲ್ಲ. ಹದಿನೈದು ಜನರಾದರೆ ಸಾಧ್ಯ.

ನಿಮ್ಮ ಪೋಸ್ಟಿನಲ್ಲಿ "ತೊಳಿಲುರಪ್ಪು ಕೆಲಸಕ್ಕೆ ಹೋಗುವ ಒಬ್ಬರು ಅಕ್ಕ" ಎಂದು ಬರೆದಿದ್ದೀರಿ. ಆ ಅಕ್ಕನಿಗೆ ವರ್ಷಗಟ್ಟಲೆ ಮಣ್ಣಿನ ಕೆಲಸ ಗೊತ್ತು. ಕಟ್ಟ ಎಲ್ಲಿ ಹಾಕಬೇಕು ಎಂದು ಅವರ ಹತ್ತಿರ ಒಂದು ಮಾತು ಕೇಳಿದ್ದೀರಾ?

---

ತೋಡಿನಕರೆ | ನವೆಂಬರ್ 19, ರಾತ್ರಿ 9.15

ಕೇಳಿಲ್ಲ ಟೀಚರಕ್ಕ. ಜಾಗ ನಾನೇ ಗುರುತು ಮಾಡಿದ್ದು. ನಮ್ಮ ತೋಟದ ಎದುರು.

---

ಟೀಚರಕ್ಕ | ನವೆಂಬರ್ 19, ರಾತ್ರಿ 9.17

ನಿಮ್ಮ ತೋಟದ ಎದುರು.

---

ಗಡಿಕಲ್ಲು | ನವೆಂಬರ್ 20, ಬೆಳಗ್ಗೆ 11.00

ಚರ್ಚೆ ಒಳ್ಳೆಯದುಂಟು, ಆದರೆ ಜನರನ್ನು ಸೇರಿಸುವುದೆಂದರೆ "ಅನುಯಾಯಿಗಳನ್ನು ತಯಾರು ಮಾಡುವುದು" ಎಂಬ ಧಾಟಿ ನನಗೆ ಹಿಡಿಸುವುದಿಲ್ಲ. ಅನುಯಾಯಿಗಳು ಮಠಕ್ಕೆ, ಪಕ್ಷಕ್ಕೆ ಇರುವುದು. ಊರಿನ ಕೆಲಸಕ್ಕೆ ಬೇಕಾದದ್ದು ಜೊತೆಗಾರರು.

ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ವಿರುದ್ಧ ನಡೆದ ಹೋರಾಟವನ್ನೇ ನೋಡಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಣೆ. ಪಡ್ರೆಯ ಕಡೆ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ವಿಚಿತ್ರ ಕಂಡು ಬರೆಯತೊಡಗಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಇವರು ಯಾರೂ ಇನ್ನೊಬ್ಬರ ಅನುಯಾಯಿಗಳಲ್ಲ. ಒಬ್ಬರು ಡಾಕ್ಟರು, ಒಬ್ಬರು ಪತ್ರಕರ್ತ, ಒಬ್ಬರು ನೌಕರಿಯಲ್ಲಿದ್ದ ಹೆಂಗಸು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹತ್ಯಾರು. 2000ದ ಕೊನೆಯಲ್ಲಿ ಸಿಂಪಡಣೆ ನಿಂತಿತು. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರ ಮೇ ತಿಂಗಳಿನಲ್ಲಿ. ಕೋರ್ಟಿನ ಮೊದಲ ಮೆಟ್ಟಿಲಿನಿಂದ ಅಲ್ಲಿಗೆ 13 ವರ್ಷ. ಹದಿಮೂರು ವರ್ಷ ಯಾರು ಯಾರನ್ನು "ಅನುಸರಿಸಿ" ಕೂತುಕೊಳ್ಳುತ್ತಾರೆ? ತನ್ನ ಕೆಲಸ ಎಂದು ಅನಿಸಿದವರು ಮಾತ್ರ.

---

ಮದ್ದಳೆ | ನವೆಂಬರ್ 20, ಮಧ್ಯಾಹ್ನ 3.40

ಗಡಿಕಲ್ಲಿನವರ ಮಾತು ಸರಿ. ಆದರೆ ಸಣ್ಣ ಗುಂಪು, ಗಟ್ಟಿ ಗುಂಪು ಎಂದು ಎಲ್ಲರೂ ಹಾಡಿ ಹೊಗಳುವಾಗ ಒಂದು ಅಪಸ್ವರ ಹಾಕುತ್ತೇನೆ.

ನಮ್ಮೂರಿನಲ್ಲಿ ಐದು ಜನ ಸೇರಿ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟ ಶುರು ಮಾಡಿದೆವು. ತಿಂಗಳಿಗೊಂದು, ತಪ್ಪದೆ. ಮಳೆ ಬರಲಿ, ಮದುವೆ ಇರಲಿ. ಮೊದಲ ನಾಲ್ಕು ವರ್ಷ ಅಂಥ ಸುಖ ನನ್ನ ಜೀವನದಲ್ಲಿ ಮತ್ತೆ ಸಿಗಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು, ಸುಮ್ಮನೆಯಾ? ಆದರೆ ಐದು ಜನರ ಮಧ್ಯೆ ಎಷ್ಟು ಹೊಂದಿಕೆ ಆಯಿತೆಂದರೆ ಆರನೆಯವನಿಗೆ ಜಾಗವೇ ಇಲ್ಲದಾಯಿತು. ಕಾಲೇಜು ಹುಡುಗರು ಬಂದು ಕೂರುತ್ತಿದ್ದರು, ದೂತನ ಪಾತ್ರ ಕೊಟ್ಟು ಕಳುಹಿಸುತ್ತಿದ್ದೆವು. ಕೃಷ್ಣ ನನ್ನದೇ, ಭೀಷ್ಮ ಇನ್ನೊಬ್ಬರದ್ದೇ, ಒಡೆತನದ ಹಾಗೆ. ಹುಡುಗರು ಬರುವುದನ್ನು ನಿಲ್ಲಿಸಿದರು. ಭಾಗವತರು ತೀರಿಕೊಂಡ ದಿನವೇ ಕೂಟವೂ ತೀರಿತು. ನಮಗೆ ನಿಷ್ಠೆ ಕಡಿಮೆ ಇತ್ತು ಎಂದು ಯಾರೂ ಹೇಳಲಾರರು. ನಿಷ್ಠೆ ಜಾಸ್ತಿ ಆಗಿಯೇ ಹಾಳಾದದ್ದು.

ತೋಡಿನಕರೆಯವರೇ, ಐದನೆಯವನು ಬಂದಾಗ ಅವನಿಗೆ ಬುಟ್ಟಿ ಮಾತ್ರ ಕೊಡಬೇಡಿ.

---

ಕೆಳಬದಿ | ನವೆಂಬರ್ 21, ರಾತ್ರಿ 10.30

ನನ್ನ ಮನೆಮಾತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ ಏಳರ ತನಕ. ತಪ್ಪಿದ್ದರೆ ಕ್ಷಮಿಸಿ.

ಇಂಥದ್ದೇ ಒಂದು ಕೆಲಸ ನಮ್ಮ ಹತ್ತಿರವೂ ನಡೆಯಿತು. ನೋಟೀಸು ಕನ್ನಡದಲ್ಲಿ, ಗುಂಪಿನಲ್ಲಿ ಮಾತು ಕನ್ನಡದಲ್ಲಿ, ಸಭೆ ದೇವಸ್ಥಾನದ ಸಭಾಭವನದಲ್ಲಿ. ಯಾರೂ ನಮ್ಮನ್ನು ಬರಬೇಡಿ ಎಂದು ಹೇಳಿದ್ದಲ್ಲ. ಬನ್ನಿ ಎಂದು ನಮಗೆ ಕೇಳಿಸುವ ಹಾಗೆ ಹೇಳಿದ್ದೂ ಇಲ್ಲ. ತೋಡಿಗೆ ಮೇಲಿನವರು ಕಟ್ಟ ಹಾಕುತ್ತಾರೆ ಎಂದರೆ ಕೆಳಗಿನವರಿಗೆ ಮೊದಲು ಬರುವುದು ಹೆದರಿಕೆ, ನಮ್ಮ ನೀರು ನಿಲ್ಲಿಸುತ್ತಾರಾ ಎಂದು. ಕಟ್ಟದ ಮೇಲಿನಿಂದ ಹೆಚ್ಚಾದ ನೀರು ಹರಿದೇ ಹರಿಯುತ್ತದೆ, ಮಣ್ಣಿನೊಳಗಿಂದ ಕೆಳಗಿನ ಬಾವಿಗೂ ಒಸರು ಬರುತ್ತದೆ ಎಂದು ನಮಗೆ ಯಾರೂ ಬಂದು ತೋರಿಸಲಿಲ್ಲ.

ನಿಮ್ಮಲ್ಲಿ ಬಂದ ಇಚ್ಚ ಕೆಳಬದಿಯವರು ಎಂದು ಬರೆದಿದ್ದೀರಿ. ಅವರು ಕಲ್ಲು ಹೊರಲು ಬಂದದ್ದೋ, ನೀವು ಎಂತ ಮಾಡುತ್ತೀರಿ ಎಂದು ನೋಡಲು ಬಂದದ್ದೋ? ಎರಡೂ ಇರಬಹುದು. ಅವರಿಂದ ಕೆಳಗಿನ ಹತ್ತು ಮನೆಗೆ ಮಾತು ಮುಟ್ಟುತ್ತದೆ. ನಿಮ್ಮಿಂದ ಮುಟ್ಟುವುದಿಲ್ಲ.

---

ತೋಡಿನಕರೆ | ನವೆಂಬರ್ 22, ಬೆಳಗ್ಗೆ 7.00

ನಿನ್ನೆ ರಾತ್ರಿ ಇದನ್ನು ಓದಿ ನಿದ್ದೆ ಬರಲಿಲ್ಲ. ಸಭೆಯ ಬ್ಯಾನರಿನ ಫೋಟೊ ಮತ್ತೆ ನೋಡಿದೆ. ಕನ್ನಡದಲ್ಲಿ ಮಾತ್ರ ಇತ್ತು. ಬೈಲಿನಲ್ಲಿ ತುಳು ಮಾತಾಡುವ ಮನೆ ಒಂಬತ್ತು, ಮಲಯಾಳ ಆರು, ಮರಾಟಿ ಎರಡು. ಕನ್ನಡ ಉಳಿಸಬೇಕು ಎಂಬ ಹುರುಪಿನಲ್ಲಿ ನೀರಿನ ಸಭೆಯನ್ನೂ ಕನ್ನಡದ ಸಭೆ ಮಾಡಿಬಿಟ್ಟಿದ್ದೆ. ಕನ್ನಡದ ಸಭೆ ಬೇರೆಯೇ ಮಾಡಬಹುದು, ಅದಕ್ಕೂ ನಾನು ಬರುತ್ತೇನೆ.

ಇವತ್ತು ಸಂಜೆ ಅಕ್ಕನ ಮನೆಗೂ ಇಚ್ಚನ ಮನೆಗೂ ಹೋಗಿ ಬರುತ್ತೇನೆ.

---

ಹಾರೆ_ಪಿಕ್ಕಾಸು | ನವೆಂಬರ್ 22, ಬೆಳಗ್ಗೆ 9.30

ಗಾಂಧಿಯನ್ನು ಯಾರೂ ತರಲಿಲ್ಲವಲ್ಲ, ನಾನು ತರುತ್ತೇನೆ. 1930ರ ಮಾರ್ಚ್ 12ಕ್ಕೆ ಉಪ್ಪಿನ ಸತ್ಯಾಗ್ರಹಕ್ಕೆ ಸಬರಮತಿಯಿಂದ ಹೊರಡುವಾಗ ಸಾವಿರಾರು ಜನ ಹಿಂದೆ ಬರಲು ತಯಾರಿದ್ದರು. ಅವರು ಆರಿಸಿಕೊಂಡದ್ದು 78 ಜನರನ್ನು. ಆಶ್ರಮದ ಶಿಸ್ತಿನಲ್ಲಿ ಪಳಗಿದವರು. ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಅದರಲ್ಲಿ ಒಬ್ಬರು. 24 ದಿನ, ಸುಮಾರು 385 ಕಿಲೋಮೀಟರು. ಗುಜರಾತ್ ವಿದ್ಯಾಪೀಠದ ಹುಡುಗರ ಒಂದು ತುಕಡಿ ಮುಂದೆ ಮುಂದೆ ಹೋಗಿ ಹಳ್ಳಿಗಳಲ್ಲಿ ತಯಾರಿ ಮಾಡುತ್ತಿತ್ತು. ದಾರಿಯಲ್ಲಿ ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ತರಿಸಿದ್ದು, ಕೂಲಿಯವರ ತಲೆ ಮೇಲೆ ದೀಪ ಹೊರಿಸಿದ್ದು ಗೊತ್ತಾಗಿ ಗಾಂಧಿ ತುಂಬಿದ ಸಭೆಯಲ್ಲೇ ತಮ್ಮವರನ್ನೂ ತಮ್ಮನ್ನೂ ಬೈದುಕೊಂಡರು. ಹಾಗೆ ಬೈಸಿಕೊಂಡು ನಡೆದವರು ಅವರು.

ನಮ್ಮಲ್ಲಿ ನಾಲ್ಕು ಜನ ಬಂದದ್ದಕ್ಕೆ ಅಳುತ್ತೇವೆ. ಬಾರದವರ ಲೆಕ್ಕ ಯಾಕೆ ಮಾರಾಯ್ರೆ.

---

ಗಡಿಕಲ್ಲು | ನವೆಂಬರ್ 22, ಬೆಳಗ್ಗೆ 10.10

ಗಾಂಧಿಗೆ ಹಿಂದೆ ಹದಿನೈದು ವರ್ಷದ ಆಶ್ರಮ ಇತ್ತು. ಇವರಿಗೆ ಒಂದು ಭಾನುವಾರ. ಹೋಲಿಕೆ ಬೇಕಾದರೆ ರಾಜಸ್ಥಾನದ ರಾಜೇಂದ್ರ ಸಿಂಗರದ್ದು ಹತ್ತಿರ ಆಗುತ್ತದೆ. 1985ರಲ್ಲಿ ಅಲ್ವರ್ ಕಡೆಗೆ ನಾಲ್ಕು ಸ್ನೇಹಿತರ ಜೊತೆ ಹೋದದ್ದು ಶಿಕ್ಷಣ, ಔಷಧ ಅಂತ. ಅಲ್ಲಿನ ಮಂಗು ಮೀಣಾ ಎಂಬ ಮುದುಕರು ನಮಗೆ ಅದಲ್ಲ, ನೀರು ಬೇಕು, ಜೋಹಡ್ (ಮಳೆನೀರು ಹಿಡಿಯುವ ಕೆರೆ) ಅಗೆಯಿರಿ ಎಂದರು. ಅಗೆದರು. ಸ್ನೇಹಿತರು ಬಿಟ್ಟು ಹೋದರು, ಊರಿನವರು ಸೇರಿದರು. ಗೋಪಾಲಪುರದ ಆ ಒಂದು ಕೆರೆಯಿಂದ ಶುರುವಾದದ್ದು ಅರ್ವರಿ ನದಿ ಮತ್ತೆ ಹರಿಯುವಲ್ಲಿಗೆ ಮುಟ್ಟಿತು. ಅಲ್ಲಿ ಮೊದಲ ಅನುಯಾಯಿ ಯಾರು ಹೇಳಿ? ನನ್ನ ಪ್ರಕಾರ ರಾಜೇಂದ್ರ ಸಿಂಗರೇ. ಮುದುಕನ ಮಾತಿಗೆ ಅವರು ಅನುಯಾಯಿ ಆದದ್ದು.

---

ಮದ್ದಳೆ | ನವೆಂಬರ್ 22, ಬೆಳಗ್ಗೆ 10.25

"ಅನುಯಾಯಿ" ಪದ ಹಿಡಿಸುವುದಿಲ್ಲ ಎಂದವರು ನೀವೇ ಅಲ್ವಾ?

---

ಗಡಿಕಲ್ಲು | ನವೆಂಬರ್ 22, ಬೆಳಗ್ಗೆ 10.31

ತಾಳಮದ್ದಳೆಯ ಅರ್ಥಧಾರಿಗಳ ಹತ್ತಿರ ವಾದಕ್ಕೆ ಇಳಿದದ್ದು ನನ್ನ ತಪ್ಪು.

---

ಅಡಿಕೆ_ಸಿಪ್ಪೆ | ನವೆಂಬರ್ 23, ರಾತ್ರಿ 8.00

ಕ್ಯಾಂಪ್ಕೊ ನೆನಪು ಮಾಡಿಕೊಳ್ಳಿ. ಅಡಿಕೆ ಧಾರಣೆ ಪಾತಾಳಕ್ಕೆ ಇಳಿದ ಕಾಲದಲ್ಲಿ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಒಂದು ಸಹಕಾರಿಗೆ ತಂದರು. 1973ರ ಜುಲೈ 11ಕ್ಕೆ ನೋಂದಣಿ. ರಾಜ್ಯದ ಗಡಿ ಬಿದ್ದು 17 ವರ್ಷ ಆಗಿತ್ತು. ಗಡಿ ನೋಡಿ ಕೂತಿದ್ದರೆ ಆಗುತ್ತಿತ್ತಾ? ನಮ್ಮ ಅಪ್ಪ ಮೊದಲ ವರ್ಷ ಸೇರಲಿಲ್ಲ, "ನೋಡುವಾ" ಎಂದರು. ಪಕ್ಕದ ತೋಟದವರು ಅಡಿಕೆ ಕೊಟ್ಟು ದುಡ್ಡು ಎಣಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಸೇರಿದರು. ಬೆಂಗಳೂರಿನವರ ಮೆಕ್ಕೆಜೋಳದ ಕಥೆ ನಮ್ಮ ಮನೆಯದ್ದೇ.

---

ತೋಡಿನಕರೆ | ಡಿಸೆಂಬರ್ 9, ರಾತ್ರಿ 9.00

ತಡವಾಯಿತು. ನಡೆದದ್ದು ಹೇಳುತ್ತೇನೆ.

ಅಕ್ಕನ ಮನೆಗೆ ಹೋಗಿ ಕೇಳಿದೆ. "ನೀವು ಗುರುತು ಹಾಕಿದ ಜಾಗದಲ್ಲಿ ಕಟ್ಟ ನಿಲ್ಲುವುದಿಲ್ಲ" ಎಂದರು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ನೀವು ಕೇಳಿದ್ದು ಬರ್ತೀರಾ ಅಂತ. ಬಂದೆ." ನನ್ನ ಜಾಗದಲ್ಲಿ ತೋಡಿನ ತಳ ಮರಳು, ಅಡಿಯಿಂದ ನೀರು ನುಗ್ಗುತ್ತದಂತೆ. ಅಲ್ಲಿಂದ ಮೇಲಕ್ಕೆ, ತೋಡು ಸಪುರ ಆಗುವಲ್ಲಿ, ತಳದಲ್ಲಿ ಪಾರೆಕಲ್ಲು ಇರುವ ಜಾಗ ತೋರಿಸಿದರು. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಯಲ್ಲಿ ಚುರುಕ್ ಎಂದಿತು. ಅಲ್ಲಿ ಕಟ್ಟ ಬಿದ್ದರೆ ಹೆಚ್ಚು ನೀರು ನಿಲ್ಲುವುದು ಬೇರೆಯವರ ತೋಟದ ಬದಿಗೆ, ನಮ್ಮ ಮನೆಗೂ ಅವರಿಗೂ ಜಾಗದ ತಕರಾರು ಉಂಟು, ಮಾತಿಲ್ಲದೆ ಒಂಬತ್ತು ವರ್ಷ. ಎರಡು ದಿನ ಸುಮ್ಮನಿದ್ದೆ. ಮತ್ತೆ ನಾನು ಹೋಗಲಿಲ್ಲ, ಇಚ್ಚ ಹೋಗಿ ಆ ಮನೆಯವರ ಹತ್ತಿರ ಮಾತಾಡಿದರು. "ಕಲ್ಲು ನಮ್ಮ ತೋಟದ ಕರೆಯದ್ದೇ ತೆಗೆಯಿರಿ" ಎಂದರಂತೆ.

ಇಚ್ಚ ಮಾತ್ರ ಒಂದು ಶರತ್ತು ಹಾಕಿದರು. ಕಟ್ಟದ ಒಂದು ಕೊಡಿಯಲ್ಲಿ ನೀರು ದಾಟಲು ತಗ್ಗು ಬಿಡಬೇಕು, ಎಷ್ಟು ಎತ್ತರದಲ್ಲಿ ಎಂದು ಕೆಳಬದಿಯವರೇ ಹೇಳುವುದು. ಒಪ್ಪಿದೆ. ಅವರ ಕಡೆಯಿಂದ ಮೂವರು ಬಂದರು. ದುಬೈ ಹುಡುಗ ರಜೆ ಮುಗಿದು ಹೋದ, ಹೋಗುವ ಮೊದಲು ಅವನ ಅಮ್ಮನನ್ನು ನಮಗೆ ಕೊಟ್ಟು ಹೋದ. ಮಧ್ಯಾಹ್ನದ ಗಂಜಿ, ಚಟ್ನಿ, ಉಪ್ಪಿನಕಾಯಿ ಅವರ ಮನೆಯದ್ದು. ತೋಡಿನ ಹತ್ತಿರವೇ ಬಡಿಸಿದ್ದು, ಗೋಳಿಬಜೆಯವರು ಗಮನಿಸಬೇಕು.

ಮೂರು ಭಾನುವಾರ. ಮೊದಲನೆಯದಕ್ಕೆ ಏಳು ಜನ, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಆರು, ಯಾಕೆಂದರೆ ಅವತ್ತು ಭೂತದ ಕೋಲ ಇತ್ತು. ಬಾರದ ಇಬ್ಬರ ಮನೆಗೆ ಸಂಜೆ ಹೋದೆ, ಟೀಚರಕ್ಕ ಹೇಳಿದ ಹಾಗೆ. ಒಬ್ಬರ ಸೊಸೆಗೆ ಹೆರಿಗೆ. ಇನ್ನೊಬ್ಬರಿಗೆ ಸೊಂಟನೋವು, ಹೇಳಲು ನಾಚಿಕೆ. ಅವರಿಗೆ ಈಗ ಸಾಮಾನಿನ ಪಟ್ಟಿ ಬರೆಯುವ ಕೆಲಸ. ವಾಟ್ಸಾಪ್ ಗುಂಪನ್ನು ನಾನು ಅಳಿಸಲಿಲ್ಲ. ಅದಕ್ಕೆ ಏನೂ ಹಾಕುವುದೂ ಇಲ್ಲ.

ಕಟ್ಟ ಈಗ ನಾಲ್ಕೂವರೆ ಅಡಿ. ಒಂದು ಕಡೆ ಸೋರುತ್ತದೆ. ಪ್ಲಾಸ್ಟಿಕ್ ಶೀಟು ಹಾಕುವ ಕ್ರಮ ಗೊತ್ತಿದ್ದವರು ಹೇಳಿ.

---

ಹಳೇಕಟ್ಟ | ಡಿಸೆಂಬರ್ 10, ಬೆಳಗ್ಗೆ 5.55

ಶೀಟು ನೀರು ಬರುವ ಬದಿಗೆ, ಅಂದರೆ ಮೇಲ್ಬದಿಗೆ. ಕಲ್ಲಿನ ಮುಖಕ್ಕೆ ನೇರ ಹಾಕಬೇಡಿ, ಚೂಪು ಇದ್ದರೆ ಹರಿಯುತ್ತದೆ. ಮೊದಲು ಮಣ್ಣು ಮೆತ್ತಿ ನಯ ಮಾಡಿ. ಶೀಟಿನ ಕೆಳ ಅಂಚು ಕಟ್ಟದಿಂದ ಮೇಲಕ್ಕೆ ಎರಡು ಮೂರು ಅಡಿಯಾದರೂ ತೋಡಿನ ತಳದಲ್ಲಿ ಹಾಸಿ, ಅದರ ಮೇಲೆ ಮಣ್ಣು, ಮರಳಿನ ಚೀಲ ಇಟ್ಟು ಒತ್ತಬೇಕು. ಸೋರುವುದು ಹೆಚ್ಚಾಗಿ ಆ ಅಂಚಿನಲ್ಲೇ. ಎರಡೂ ಕೊಡಿಯಲ್ಲಿ ದರೆಯೊಳಗೆ ಸ್ವಲ್ಪ ಕೊರೆದು ಶೀಟನ್ನು ಒಳಗೆ ಸೇರಿಸಿ.

ಒಂಬತ್ತು ವರ್ಷ ಮಾತಿಲ್ಲದ ಮನೆಯವರು ಕಲ್ಲು ಕೊಟ್ಟದ್ದನ್ನು ಎರಡು ಸಲ ಓದಿದೆ.

---

ಮದ್ದಳೆ | ಡಿಸೆಂಬರ್ 10, ಬೆಳಗ್ಗೆ 8.40

ಈಗ ನೀವು ಅವರ ಹತ್ತಿರ ಮಾತಾಡುತ್ತೀರಾ?

---

ತೋಡಿನಕರೆ | ಡಿಸೆಂಬರ್ 10, ರಾತ್ರಿ 9.20

"ಚೀಲ ಹಿಡಿಯಿರಿ", "ಆಚೆ ಇಡಿ", ಅಷ್ಟು. ತಕರಾರು ಹಾಗೆಯೇ ಉಂಟು.

---

ಕೆಳಬದಿ | ಜನವರಿ 20, ಸಂಜೆ 7.15

ಹೇಗಿದೆ ಕಟ್ಟ?

---

ತೋಡಿನಕರೆ | ಜನವರಿ 21, ರಾತ್ರಿ 8.50

ನಿಂತಿದೆ. ಹಳೇಕಟ್ಟದವರ ಕ್ರಮದಲ್ಲಿ ಶೀಟು ಹಾಕಿದ ಮೇಲೆ ಸೋರುವುದು ತುಂಬ ಕಡಿಮೆ. ಮೇಲಕ್ಕೆ ಸುಮಾರು ಇನ್ನೂರು ಮೀಟರು ನೀರು ನಿಂತಿದೆ, ಮಕ್ಕಳು ಈಜುತ್ತಾರೆ. ನಮ್ಮ ಬಾವಿಯಲ್ಲಿ ಹೋದ ವರ್ಷ ಇದೇ ಹೊತ್ತಿಗೆ ಇದ್ದದ್ದಕ್ಕಿಂತ ಎರಡು ಕೋಲು (ಬಾವಿಯ ಆಳ ಅಳೆಯುವ ಅಳತೆ) ನೀರು ಹೆಚ್ಚು. ಒಂದೇ ವರ್ಷದ ಲೆಕ್ಕ, ಈ ಸಲ ಹಿಂಗಾರೂ ಚೆನ್ನಾಗಿ ಬಂದಿತ್ತು, ಹಾಗಾಗಿ ಎಲ್ಲ ಕಟ್ಟದಿಂದಲೇ ಎಂದು ನಾನು ಹೇಳುವುದಿಲ್ಲ.

ಹೊಸ ಸುದ್ದಿ ಒಂದುಂಟು. ಹೋದ ವಾರ ಕೆಳಗಿನ ಬೈಲಿನವರು ನಮ್ಮಲ್ಲಿಗೆ ಬಂದು ಕಟ್ಟ ನೋಡಿ ಹೋದರು. ನನ್ನನ್ನು ಅಲ್ಲ, ಅಕ್ಕನನ್ನು ಕರೆದುಕೊಂಡು ಹೋದರು ಜಾಗ ತೋರಿಸಲು. ನೀರು ಇಳಿದಿದೆ, ಈ ವರ್ಷಕ್ಕೆ ತಡವಾಯಿತು, ಆದರೂ ಗುರುತು ಹಾಕಿ ಬಂದಿದ್ದಾರಂತೆ. ಅಕ್ಕ ಅಲ್ಲಿ ಹೇಗೆ ಕಟ್ಟಬೇಕೆಂದು ಹೇಳಿದರು ಅಂತ ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಮದ್ದಳೆಯವರೇ, ಸುಮ್ಮನಿರುವುದು ಕಷ್ಟವೇ.

---

ಟೀಚರಕ್ಕ | ಜನವರಿ 21, ರಾತ್ರಿ 9.10

ಕೂಲಿ ಕೊಟ್ಟರಾ ಅಕ್ಕನಿಗೆ, ಆ ದಿನದ್ದು?

---

ತೋಡಿನಕರೆ | ಜನವರಿ 22, ಬೆಳಗ್ಗೆ 6.40

ಇಲ್ಲ. ಚಹಾ ಕೊಟ್ಟರಂತೆ. ಅವರೊಂದು ದಿನದ ಕೆಲಸ ಬಿಟ್ಟು ಹೋದದ್ದು. ಇದನ್ನು ನಾನು ಯೋಚಿಸಿರಲೇ ಇಲ್ಲ. ಈ ಭಾನುವಾರ ಸೇರುವಾಗ ಮಾತಾಡುತ್ತೇವೆ. ಮನೆಗಿಷ್ಟು ಎಂದು ಡಬ್ಬಿ ಇಡುವ ಮಾತು ಮೊದಲೇ ಬಂದಿತ್ತು, ನಾನೇ ಬೇಡ ಅಂದಿದ್ದೆ.

---

ಹಳೇಕಟ್ಟ | ಮೇ 19, ಬೆಳಗ್ಗೆ 6.00

ಆಕಾಶ ನೋಡಿದಿರಾ? ಮೊದಲ ದೊಡ್ಡ ಮಳೆಗೆ ಮುಂಚೆ ಕಟ್ಟ ಬಿಡಿಸಬೇಕು. ಇಲ್ಲದಿದ್ದರೆ ನೀರು ಬದಿಯ ದರೆ ಕೊರೆದುಕೊಂಡು ಯಾರದ್ದೋ ತೋಟಕ್ಕೆ ನುಗ್ಗುತ್ತದೆ. ಹಾಕಲು ಬಂದವರು ಬಿಡಿಸಲು ಬರುವುದಿಲ್ಲ, ಅದು ಹಿಂದಿನಿಂದಲೂ ಹಾಗೆಯೇ.

---

ತೋಡಿನಕರೆ | ಮೇ 19, ರಾತ್ರಿ 8.30

ಶೀಟು ನಿನ್ನೆಯೇ ತೆಗೆದಾಯಿತು, ತೊಳೆದು ಒಣಗಿಸಿ ಇಚ್ಚನ ಅಟ್ಟದಲ್ಲಿ ಇಟ್ಟಿದ್ದಾರೆ. ನಾನು ಮಂಗಳೂರಿನಲ್ಲಿದ್ದೆ, ಬಂದು ನೋಡುವಾಗ ಕಲ್ಲಿನ ಮೇಲಿನ ಮೂರು ಸಾಲೂ ಬಿಡಿಸಿ ಕರೆಯಲ್ಲಿ ಪೇರಿಸಿದ್ದರು. ಉಳಿದದ್ದು ನಾಳೆ ಬೆಳಗ್ಗೆ ಆರಕ್ಕೆ. ನನಗೆ ಪಿಕ್ಕಾಸು ತರಲು ಹೇಳಿದ್ದಾರೆ.